ಅಲೆ ಬಿದ್ದ ಹಲಗೆ, ಜೋಮು ಹಿಡಿದ ಕೈ: ಚೈನ್‌ಸಾ ಮಿಲ್ಲಿನ ದೋಷ ಪತ್ತೆ

ಕಾಫಿ ತೋಟದ ಇಳಿಜಾರಿನಲ್ಲಿ ಕೆಡವಿದ ಸಿಲ್ವರ್ ಓಕ್ ಮರವನ್ನು ಲಾರಿ ನಿಲ್ಲುವ ಜಾಗದವರೆಗೆ ಎಳೆಸಲು ಹೊರಟರೆ, ದಾರಿಯುದ್ದಕ್ಕೂ ಫಸಲು ಕೊಡುವ ಗಿಡಗಳೇ ನೆಲಸಮವಾಗುತ್ತವೆ. ಆದ್ದರಿಂದ ದಿಮ್ಮಿಯನ್ನು ಸಾಮಿಲ್ಲಿಗೆ ಒಯ್ಯುವ ಬದಲು, ದಿಮ್ಮಿ ಬಿದ್ದಲ್ಲಿಗೇ ಮಿಲ್ಲನ್ನು ಹೊತ್ತೊಯ್ಯುವುದು ನಮ್ಮಂಥ ಮರಗೆಲಸದವರಿಗೆ ಅನುಕೂಲ. ಮಿಲ್ಲು ಎಂದರೆ ದೊಡ್ಡದೇನಲ್ಲ. ಚೈನ್‌ಸಾದ ಬಾರನ್ನು, ಅಂದರೆ ಚೈನು ಸುತ್ತಿ ಓಡುವ ಉದ್ದನೆಯ ಲೋಹದ ಪಟ್ಟಿಯನ್ನು, ಎರಡು ತುದಿಗಳಲ್ಲಿ ಕಚ್ಚಿ ಹಿಡಿಯುವ ಲೋಹದ ಚೌಕಟ್ಟು ಅದು. ಬೇಕಾದ ದಪ್ಪಕ್ಕೆ ಅದನ್ನು ಏರಿಳಿಸಿ ಬಿಗಿದು, ದಿಮ್ಮಿಯ ಮೇಲ್ಮೈ ಮೇಲೆ ಜಾರಿಸುತ್ತ ಹೋದರೆ ಹಲಗೆ ಸೀಳಿಕೊಂಡು ಬರುತ್ತದೆ. ಅಲಾಸ್ಕನ್ ಮಿಲ್ ಎಂಬ ಹೆಸರಿನಲ್ಲಿ ಇದು ಎಲ್ಲೆಡೆ ಪರಿಚಿತ.

ಈ ಬರಹಕ್ಕೆ ಆಧಾರ ನಾವೇ ಕೆಡಿಸಿಕೊಂಡ ಒಂದು ದಿನದ ಕೆಲಸ. ಒಂಬತ್ತು ಅಡಿ ಉದ್ದ, 26 ಇಂಚು ಅಡ್ಡಳತೆಯ ಸಿಲ್ವರ್ ದಿಮ್ಮಿಯಲ್ಲಿ ಎರಡು ಇಂಚಿನ ಹಲಗೆ ತೆಗೆಯುತ್ತಿದ್ದೆವು. ಮೂರನೆಯ ಹಲಗೆ ಹೊರಬಂದಾಗ ಅದರ ಅಂಚುಗಳು ಎರಡು ಇಂಚಿದ್ದವು; ಅಗಲದ ನಡುಭಾಗ ಮಾತ್ರ ಒಂದೂಮುಕ್ಕಾಲು ಇಂಚಿಗೆ ಇಳಿದಿತ್ತು. ಮೈಮೇಲೆ ಅಲೆಗಳಿದ್ದವು. ದಿಮ್ಮಿಯ ಅರ್ಧ ದಾಟಿದ ಮೇಲೆ ಮೆಷಿನ್ನು ಏದುಸಿರು ಬಿಡತೊಡಗಿತ್ತು. ಜೊತೆಗಾರ ಕೈಗವಸು ಕಳಚಿದಾಗ ಎಡಗೈಯ ಎರಡು ಬೆರಳುಗಳ ತುದಿ ಬಿಳಿಚಿಕೊಂಡಿದ್ದವು. ತೋಟದ ಯಜಮಾನರು ಹಲಗೆಯನ್ನು ತಿರುಗಿಸಿ ನೋಡಿ, "ಮರವೇ ಸರಿ ಇಲ್ವೇನ್ರೀ?" ಎಂದು ಕೇಳಿದರು. ಹಲಗೆಗೆ ಮರವನ್ನೂ, ಮೆಷಿನ್ನಿಗೆ ಮೆಕ್ಯಾನಿಕ್ಕನ್ನೂ, ಬೆರಳಿಗೆ ವಯಸ್ಸನ್ನೂ ದೂರುವುದು ಸುಲಭ. ಆದರೆ ಮೂರು ದೂರುಗಳೂ ಒಂದೇ ಹೊತ್ತಿಗೆ ಎದ್ದಾಗ ಮೂರಕ್ಕೂ ಒಂದೇ ಬೇರು ಇರುವ ಸಂಭವ ಹೆಚ್ಚು, ಮತ್ತು ಆ ಬೇರು ಬಹುಪಾಲು ಚೈನಿನಲ್ಲಿರುತ್ತದೆ. ಮೊಂಡಾದ ಚೈನನ್ನು ಮುಂದಕ್ಕೆ ನೂಕಬೇಕಾಗುತ್ತದೆ. ನೂಕಿದಷ್ಟೂ ಬಾರ್ ಬಾಗುತ್ತದೆ, ಎಂಜಿನ್ ಬಿಸಿಯೇರುತ್ತದೆ, ಕಂಪನ ಕೈಗೇರುತ್ತದೆ. ಆದ್ದರಿಂದ ಹುಡುಕಾಟವನ್ನು ಕಾರ್ಬ್ಯುರೇಟರಿನಿಂದಲ್ಲ, ನೆಲಕ್ಕೆ ಬಿದ್ದ ಪುಡಿಯಿಂದ ಆರಂಭಿಸಬೇಕು.

ಪುಡಿಯನ್ನು ಓದುವುದು

ಮೆಷಿನ್ ನಿಲ್ಲಿಸಿ, ಚೈನ್ ಬ್ರೇಕ್ ಹಾಕಿ, ಒಂದು ಹಿಡಿ ಪುಡಿಯನ್ನು ಅಂಗೈಗೆ ತೆಗೆದುಕೊಳ್ಳಿ. ಮರವನ್ನು ಅಡ್ಡಕ್ಕೆ ತುಂಡರಿಸುವಾಗ ಬರುವಂಥ ದೊಡ್ಡ ಚಕ್ಕೆಗಳನ್ನು ಇಲ್ಲಿ ನಿರೀಕ್ಷಿಸಬಾರದು. ಮಿಲ್ಲಿನಲ್ಲಿ ಬಾರ್ ದಿಮ್ಮಿಯ ಉದ್ದಕ್ಕೆ ಸಾಗುವುದರಿಂದ ಹಲ್ಲುಗಳು ಪ್ರತಿ ಕ್ಷಣವೂ ನಾರಿನ ಕೊನೆಯನ್ನೇ ಕೆರೆಯುತ್ತವೆ, ಹೀಗಾಗಿ ಹರಿತವಾದ ಚೈನು ಕೂಡ ಸಣ್ಣ ಕಾಳನ್ನೇ ಉದುರಿಸುತ್ತದೆ. ಆದರೆ ಆ ಕಾಳು ಉಪ್ಪಿಟ್ಟಿನ ರವೆಯಂತೆ ಬೆರಳ ಸಂದಿಯಲ್ಲಿ ಉರುಳಬೇಕು. ಅದು ಮೈದಾ ಹಿಟ್ಟಿನಂತೆ ಬೆರಳಿಗೆ ಮೆತ್ತಿಕೊಂಡರೆ, ಬಣ್ಣ ಕಂದಿದ್ದರೆ, ಸುಟ್ಟ ವಾಸನೆ ಬಂದರೆ, ಉಳಿದ ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಅರ ಕೈಗೆತ್ತಿಕೊಳ್ಳುವುದೇ ಸರಿ. ನಮ್ಮ ಮೂರನೆಯ ಹಲಗೆಯ ಕೆಳಗೆ ಬಿದ್ದದ್ದು ಅಚ್ಚ ಮೈದಾ.

ಅನುಮಾನ ಉಳಿದರೆ ಹಲ್ಲಿನ ಅಂಚನ್ನು ಬೆಳಕಿಗೆ ಹಿಡಿಯಬೇಕು. ಹರಿತವಾದ ಅಂಚು ಬೆಳಕನ್ನು ಹಿಂದಿರುಗಿಸುವುದಿಲ್ಲ. ಮೊಂಡಾದ ಅಂಚಿನ ಮೇಲೆ ನೂಲಿನಷ್ಟು ತೆಳ್ಳನೆಯ ಬಿಳಿ ಗೆರೆ ಹೊಳೆಯುತ್ತದೆ. ಆ ಗೆರೆ ಕಂಡಷ್ಟು ಹಲ್ಲುಗಳು ಕೆಲಸ ಮಾಡುತ್ತಿಲ್ಲವೆಂದೇ ಲೆಕ್ಕ.

ಯಾವ ಚೈನು ಹಾಕಿದ್ದೀರಿ ಎಂಬುದನ್ನೂ ಇಲ್ಲೇ ಖಾತ್ರಿ ಮಾಡಿಕೊಳ್ಳಬೇಕು. ಅಡ್ಡಕ್ಕೆ ಕತ್ತರಿಸುವ ಸಾಮಾನ್ಯ ಚೈನಿನ ಹಲ್ಲಿಗೆ 25ರಿಂದ 35 ಡಿಗ್ರಿ ಓರೆ ಇರುತ್ತದೆ. ಸೀಳುವ ಚೈನಿಗೆ 10 ಡಿಗ್ರಿ ಸಾಕು. ಸಾಮಾನ್ಯ ಚೈನಿನಿಂದ ಸೀಳಲು ಆಗುವುದಿಲ್ಲವೆಂದಲ್ಲ, ಆದರೆ ಮೈ ಒರಟಾಗುತ್ತದೆ ಮತ್ತು ಎಂಜಿನ್ನಿನ ಮೇಲೆ ಹೊರೆ ಬೀಳುತ್ತದೆ. ಅರದ ವಿಷಯದಲ್ಲಿ 3/8 ಇಂಚು ಪಿಚ್ಚಿನ (ಪಿಚ್ಚು ಎಂದರೆ ಚೈನಿನ ಕೊಂಡಿಗಳ ಅಳತೆ) ಚೈನಿಗೆ ಸಾಮಾನ್ಯವಾಗಿ 5.2 ಮಿ.ಮೀ., .404 ಪಿಚ್ಚಿಗೆ 5.5 ಮಿ.ಮೀ. ದುಂಡನೆಯ ಅರ ಬೇಕು. ಕೈಗೆ ಸಿಕ್ಕ ಅರದಿಂದ ಉಜ್ಜಿದರೆ ಹಲ್ಲಿನ ಕೊಕ್ಕೆಯ ಆಕಾರವೇ ಕೆಡುತ್ತದೆ. ಹಲ್ಲಿನ ಮುಂದಿರುವ ಗಿಡ್ಡ ಮೂಗನ್ನು, ಅಂದರೆ ರೇಕರನ್ನು, ಮರೆಯುವವರೇ ಹೆಚ್ಚು. 3/8 ಚೈನಿನಲ್ಲಿ ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ತಗ್ಗಿನಲ್ಲಿರಬೇಕು. ನಾಲ್ಕಾರು ಸಲ ಹಲ್ಲು ಉಜ್ಜಿದ ಮೇಲೆ ರೇಕರು ಎತ್ತರವಾಗಿ ಉಳಿದುಬಿಡುತ್ತದೆ. ಆಗ ಹಲ್ಲು ಎಷ್ಟು ಹರಿತವಿದ್ದರೂ ಮರಕ್ಕೆ ತಾಗುವುದಿಲ್ಲ. "ಈಗಷ್ಟೇ ಸಾಣೆ ಹಿಡಿದೆ, ಆದರೂ ಕೊಯ್ಯುತ್ತಿಲ್ಲ" ಎಂಬ ದೂರಿಗೆ ಸಾಮಾನ್ಯವಾಗಿ ಕಾರಣ ಇದೇ. ಅವಸರದಲ್ಲಿ ರೇಕರನ್ನು ಅತಿಯಾಗಿ ತಗ್ಗಿಸುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಹಲ್ಲು ಆಳಕ್ಕೆ ಕಚ್ಚಿ ಮೆಷಿನ್ನನ್ನು ಎಳೆದಾಡುತ್ತದೆ.

ಹಲಸಿನ ದಿಮ್ಮಿ ಕೊಯ್ಯುವವರಿಗೆ ಒಂದು ಮಾತು. ಹಸಿ ಹಲಸಿನ ಮೇಣ ಹಲ್ಲಿನ ಒಳಭಾಗಕ್ಕೂ ಬಾರಿನ ಅಂಚಿನ ತೋಡಿಗೂ ಅಂಟಿ, ಹರಿತವಾದ ಚೈನೂ ಮೊಂಡಾದಂತೆ ವರ್ತಿಸುತ್ತದೆ. ಅರ ಹಾಕುವ ಮೊದಲು ಹಲಸಿನ ಹಣ್ಣು ಬಿಡಿಸಿದ ಕೈಗೆ ಮಾಡುವ ಉಪಚಾರವನ್ನೇ ಇಲ್ಲಿಯೂ ಮಾಡಿ, ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿ ನೋಡಬೇಕು.

ಹಲಗೆಯ ಮೇಲಿನ ಗುರುತುಗಳು

ಹಲಗೆ ಹಾಳಾಗಿದೆ ಎಂದು ಒಟ್ಟಾಗಿ ಹೇಳಿದರೆ ಏನೂ ತಿಳಿಯುವುದಿಲ್ಲ. ಎಲ್ಲಿ, ಯಾವ ದಿಕ್ಕಿನಲ್ಲಿ ಹಾಳಾಗಿದೆ ಎಂಬುದನ್ನು ಅಳೆಯಬೇಕು, ಏಕೆಂದರೆ ಪ್ರತಿಯೊಂದು ದೋಷವೂ ತನ್ನದೇ ಗುರುತನ್ನು ಬಿಟ್ಟು ಹೋಗುತ್ತದೆ.

ಅಂಚುಗಳು ಸರಿಯಿದ್ದು ಅಗಲದ ನಡುಭಾಗ ತೆಳುವಾಗಿದ್ದರೆ ಅಥವಾ ದಪ್ಪವಾಗಿದ್ದರೆ ತಪ್ಪು ಚೈನಿನದು. ಚೈನಿನಲ್ಲಿ ಎಡ ಹಲ್ಲು, ಬಲ ಹಲ್ಲು ಎಂದು ಎರಡು ಸಾಲುಗಳಿವೆ. ಮಿಲ್ಲಿನಲ್ಲಿ ಬಾರ್ ಮಲಗಿರುವುದರಿಂದ ಒಂದು ಸಾಲು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಮುಖ ಮಾಡಿರುತ್ತದೆ. ಯಾವ ಸಾಲು ಹೆಚ್ಚು ಉದ್ದವೋ, ಹೆಚ್ಚು ಹರಿತವೋ, ಆ ಕಡೆಗೆ ಬಾರ್ ವಾಲುತ್ತದೆ. ಎರಡು ತುದಿಗಳನ್ನು ಚೌಕಟ್ಟು ಕಚ್ಚಿ ಹಿಡಿದಿರುವುದರಿಂದ ಅವು ಅಲುಗಲಾರವು, ನಡುಭಾಗ ಮಾತ್ರ ಬಿಲ್ಲಿನಂತೆ ಬಾಗುತ್ತದೆ. ನಮ್ಮ ಹಲಗೆಯಲ್ಲಿ ಆಗಿದ್ದು ಇದೇ. ಕ್ಯಾಲಿಪರ್ ಹಿಡಿದು ಅಳೆದಾಗ ಕೆಳಮುಖದ ಹಲ್ಲುಗಳು ಮೇಲ್ಮುಖದವುಗಳಿಗಿಂತ ಅರ್ಧ ಮಿಲಿಮೀಟರಿಗೂ ಹೆಚ್ಚು ಗಿಡ್ಡವಾಗಿದ್ದವು. ಬಲಗೈಯಲ್ಲಿ ಅರ ಹಿಡಿಯುವವನಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ಅಡ್ಡಾದಿಡ್ಡಿ. ಎಣಿಸದೆ ಉಜ್ಜುತ್ತ ಹೋದರೆ ಒಂದು ಸಾಲು ಸವೆಯುತ್ತದೆ. ತೀರ ಗಿಡ್ಡ ಹಲ್ಲನ್ನು ಹುಡುಕಿ ಅದಕ್ಕೆ ಬಣ್ಣದ ಗುರುತು ಹಾಕಿ, ಉಳಿದೆಲ್ಲವನ್ನೂ ಅದರ ಅಳತೆಗೆ ತರುವುದಲ್ಲದೆ ಬೇರೆ ದಾರಿಯಿಲ್ಲ. ಚೈನಿನ ಆಯುಸ್ಸು ಒಂದಿಷ್ಟು ಕಡಿಮೆಯಾಗುತ್ತದೆ, ಹಲಗೆ ಉಳಿಯುತ್ತದೆ. ಹಲ್ಲುಗಳು ಸಮನಾಗಿದ್ದೂ ಬಾರ್ ವಾಲಿದರೆ, ಬಾರಿನ ಅಂಚಿನಲ್ಲಿ ಚೈನು ಓಡುವ ಎರಡು ಕಂಬಿಗಳಲ್ಲಿ ಒಂದು ಸವೆದಿದೆಯೇ ಎಂದು ನೋಡಬೇಕು: ಬಾರನ್ನು ಗಾಜಿನ ಮೇಲೆ ಅಂಚಿಗೆ ನಿಲ್ಲಿಸಿದರೆ ಅದು ನೆಟ್ಟಗೆ ನಿಲ್ಲಬೇಕು.

ಒಂದು ಅಂಚು ದಪ್ಪ, ಇನ್ನೊಂದು ಅಂಚು ತೆಳು ಇದ್ದರೆ ಚೌಕಟ್ಟಿನ ಬೋಲ್ಟು ಸಡಿಲಾಗಿದೆ. ಕಂಪನಕ್ಕೆ ಅದು ಸಡಿಲಾಗುವುದು ಸಹಜ. ಪ್ರತಿ ಹಲಗೆಗೂ ಮುನ್ನ ಎರಡು ತುದಿಗಳಲ್ಲಿ ಅಳತೆ ಹಿಡಿಯಬೇಕು. ಸಣ್ಣ ಸಣ್ಣ ತೆರೆಗಳು ಬಿದ್ದಿದ್ದರೆ ನೂಕುವವನ ಕೈ ತಡೆದು ತಡೆದು ಸಾಗಿದೆ. ದಿಮ್ಮಿಯ ಆರಂಭದ ತುದಿಯನ್ನು ಸ್ವಲ್ಪ ಎತ್ತರಿಸಿ ಇಟ್ಟರೆ ಮಿಲ್ಲು ತನ್ನ ತೂಕದಿಂದಲೇ ಇಳಿಯುತ್ತ ಬರುತ್ತದೆ, ನೂಕುವ ಅಗತ್ಯವೇ ಅರ್ಧವಾಗುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಕಷ್ಟಪಡಬೇಕಿಲ್ಲ, ಸಮತಟ್ಟು ಜಾಗ ಹುಡುಕುವುದೇ ಕಷ್ಟ.

ಇನ್ನು ದಪ್ಪ ಎಲ್ಲ ಕಡೆ ಒಂದೇ ಸಮನಿದ್ದು, ಹಲಗೆ ಉದ್ದಕ್ಕೆ ಬಾಗಿದ್ದರೆ ಮಾತ್ರ ಯಜಮಾನರ ಪ್ರಶ್ನೆಗೆ ಅರ್ಥವಿದೆ. ಇದಕ್ಕೆ ಎರಡು ಕಾರಣಗಳಿರಬಹುದು, ಎರಡನ್ನೂ ಒಂದು ನೂಲಿನಿಂದ ಬೇರ್ಪಡಿಸಬಹುದು. ಉಳಿದ ದಿಮ್ಮಿಯ ಕೊಯ್ದ ಮೈ ಮೇಲೆ ತುದಿಯಿಂದ ತುದಿಗೆ ನೂಲನ್ನು ಬಿಗಿಯಾಗಿ ಹಿಡಿಯಿರಿ. ನಡುವೆ ನೂಲಿಗೂ ಮರಕ್ಕೂ ಸಂದಿ ಕಂಡರೆ, ಮೊದಲ ಸೀಳಿಗೆ ದಾರಿ ತೋರಿಸಲು ಇಟ್ಟ ಏಣಿ ನಡುವೆ ಜಗ್ಗಿದೆ. ಮೊದಲ ಸೀಳು ದಿಮ್ಮಿಯ ಉರುಟು ಮೈ ಮೇಲೆ ಸಾಗಲಾರದಾದ್ದರಿಂದ ಏಣಿ ಅಥವಾ ನೆಟ್ಟನೆಯ ಪಟ್ಟಿ ಬೇಕೇ ಬೇಕು, ಮತ್ತು ಆನಂತರದ ಪ್ರತಿ ಹಲಗೆಯೂ ಆ ಮೊದಲ ಮೈಯ ನಕಲು. ಎರಡು ತುದಿಗೆ ಮಾತ್ರ ಆನಿಸಿದ ಏಣಿ, ಮಿಲ್ಲು ನಡುವೆ ಬಂದಾಗ ಕಾಲು ಇಂಚು ತಗ್ಗುವುದು ದೊಡ್ಡ ಮಾತಲ್ಲ. ನಡುವೆಯೂ ಒಂದೆರಡು ಕಡೆ ತುಂಡು ಕೊಟ್ಟು ಸ್ಕ್ರೂ ಹಾಕಬೇಕು. ಅದಕ್ಕೆ ಬದಲಾಗಿ ನೂಲು ನಡುವೆ ತಾಗಿ ತುದಿಗಳಲ್ಲಿ ಸಂದಿ ಬಿಟ್ಟರೆ ದೋಷ ಮರದ್ದೇ. ಬೆಳೆಯುವ ಮರದ ಹೊರಭಾಗ ಸದಾ ಎಳೆತದಲ್ಲಿರುತ್ತದೆ, ಒಳಗಿನ ಚೇಗು ಒತ್ತಡದಲ್ಲಿರುತ್ತದೆ. ಒಂದು ಬದಿಯ ಹಲಗೆ ತೆಗೆದೊಡನೆ ಆ ಸಮತೋಲ ತಪ್ಪಿ, ಉಳಿದ ದಿಮ್ಮಿ ಬೆನ್ನು ಉಬ್ಬಿಸುತ್ತದೆ. ಒಂದೇ ಕಡೆಯಿಂದ ಕೊಯ್ಯುತ್ತ ಹೋಗದೆ, ದಿಮ್ಮಿಯನ್ನು ಮಗುಚಿ ಎದುರು ಬದಿಗಳಿಂದ ಸರದಿಯಂತೆ ತೆಗೆದರೆ ಈ ಬಾಗು ತಗ್ಗುತ್ತದೆ. ಸೀಳು ಮುಚ್ಚಿಕೊಂಡು ಬಾರನ್ನು ಹಿಂಡದಂತೆ ಎರಡು ಮೂರು ಅಡಿಗೊಂದು ಬೆಣೆ ಹೊಡೆಯುತ್ತ ಬರಬೇಕು. ಬೆಣೆ ಮರದ್ದೋ ಪ್ಲಾಸ್ಟಿಕ್ಕಿನದೋ ಇರಲಿ. ಕಬ್ಬಿಣದ ಬೆಣೆಯನ್ನು ಚೈನಿನ ಹತ್ತಿರ ತರಲೇಬಾರದು.

ಎಂಜಿನ್ ಏದುಸಿರು ಬಿಡುವಾಗ

ಚೈನು, ಬೆಣೆ ಎರಡೂ ಸರಿಯಿದ್ದ ಮೇಲೂ ಮೆಷಿನ್ನು ಸೋತರೆ ಮೊದಲು ಗಾತ್ರ ನೋಡಬೇಕು. ಇಪ್ಪತ್ತು ಇಂಚು ಮೀರಿದ ಅಗಲಕ್ಕೆ 90 ಸಿಸಿಯ ಆಸುಪಾಸಿನ ಮೆಷಿನ್ನು ಬೇಕು. ಕೊಂಬೆ ಸವರುವ 50 ಸಿಸಿಯ ಮೆಷಿನ್ನಿಗೆ ಮಿಲ್ಲು ಕಟ್ಟುವುದು ಎತ್ತಿನ ಗಾಡಿಗೆ ಕರುವನ್ನು ಹೂಡಿದಂತೆ. ಆಮೇಲೆ ಎಣ್ಣೆ. ಬಾರಿನ ತುದಿಯನ್ನು ಬಿಳಿ ಕಾಗದದ ಕಡೆಗೆ ಹಿಡಿದು ರೇಸ್ ಮಾಡಿದರೆ ಎಣ್ಣೆಯ ಗೆರೆ ಮೂಡಬೇಕು. ಬಾರ್ ಉದ್ದವಾದಷ್ಟೂ ತುದಿಗೆ ಎಣ್ಣೆ ತಲುಪುವುದು ಕಷ್ಟವಾದ್ದರಿಂದ, ತುದಿಯ ಕಡೆ ಒಂದು ಚಿಕ್ಕ ಡಬ್ಬಿಯಿಂದ ಹನಿ ಬೀಳುವಂತೆ ಮಾಡಿಕೊಳ್ಳುವುದು ಒಳ್ಳೆಯದು. ಗ್ಯಾರೇಜಿನಲ್ಲಿ ಬಿಟ್ಟಿ ಸಿಗುವ ಸುಟ್ಟ ಆಯಿಲ್ ಸುರಿಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ಅದು ಚೈನಿಗೆ ಅಂಟದೆ ಎರಚಿಹೋಗುತ್ತದೆ, ಎರಚಿದ್ದು ಕೆಲಸ ಮಾಡುವವನ ಚರ್ಮದ ಮೇಲೂ ತೋಟದ ಮಣ್ಣಿನ ಮೇಲೂ ಬೀಳುತ್ತದೆ.

ಇಂಧನದ ಕಥೆ ಈಚೆಗೆ ಬದಲಾಗಿದೆ. ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ; ಇ20 ಎಂದರೆ ಇದೇ. ಒಂದು ಕೆ.ಜಿ. ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಹಾಗಾಗಿ ಹಳೆಯ ಪೆಟ್ರೋಲಿಗೆ ಹೊಂದಿಸಿದ್ದ ಸ್ಕ್ರೂ ಕಾರ್ಬ್ಯುರೇಟರಿನಲ್ಲಿ ಇ20 ಹಾಕಿದಾಗ ಗಾಳಿ ಹೆಚ್ಚಾಗಿ, ಇಂಧನ ಕಡಿಮೆಯಾಗಿ, ಮಿಶ್ರಣ ಬಡವಾಗುತ್ತದೆ. ಕೊಂಬೆ ಕಡಿಯುವವನಿಗೆ ಇದು ಗೊತ್ತೇ ಆಗದಿರಬಹುದು, ಏಕೆಂದರೆ ಅವನ ಮೆಷಿನ್ನು ಹತ್ತು ಸೆಕೆಂಡು ದುಡಿದು ಉಸಿರೆಳೆದುಕೊಳ್ಳುತ್ತದೆ. ಮಿಲ್ಲಿನಲ್ಲಿ ಅದೇ ಮೆಷಿನ್ನು ಹತ್ತು ಹದಿನೈದು ನಿಮಿಷ ಪೂರ್ಣ ರೇಸಿನಲ್ಲಿ ಹೊರೆ ಹೊರುತ್ತದೆ; ಬಡವಾದ ಮಿಶ್ರಣದ ಕಾವಿಗೆ ಪಿಸ್ಟನ್ ಸೈಲೆನ್ಸರ್ ಬದಿಯಲ್ಲಿ ಗೀರು ಬಿದ್ದು ಕೊನೆಗೆ ಸೀಜ್ ಆಗುತ್ತದೆ. ಇದನ್ನು ಕಿವಿಯಿಂದಲೇ ಪತ್ತೆ ಹಚ್ಚಬಹುದು. ಪೂರ್ಣ ರೇಸಿನಲ್ಲಿಯೇ ಒತ್ತಡ ಬಿಟ್ಟಾಗ ಸದ್ದು ಒಡೆದು ಗುಡುಗುಟ್ಟಬೇಕು, ಮರಕ್ಕೆ ಕಚ್ಚಿದಾಗ ಶುದ್ಧವಾಗಬೇಕು. ಹೊರೆ ಇಲ್ಲದಾಗಲೂ ಕೊಳಲಿನಂತೆ ಶುದ್ಧವಾಗಿ ಕಿರುಚುತ್ತಿದ್ದರೆ ತಕ್ಷಣ ನಿಲ್ಲಿಸಿ, ಪೂರ್ಣ ರೇಸಿನ ಇಂಧನವನ್ನು ಹೊಂದಿಸುವ ಎಚ್ ಗುರುತಿನ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿ ಮಿಶ್ರಣದಲ್ಲಿ ಇಂಧನ ಹೆಚ್ಚಿಸಬೇಕು. ತಾನಾಗಿ ಹೊಂದಿಸಿಕೊಳ್ಳುವ ಎಲೆಕ್ಟ್ರಾನಿಕ್ ಕಾರ್ಬ್ಯುರೇಟರಿದ್ದರೆ ಈ ಪರೀಕ್ಷೆ ಅನ್ವಯಿಸದು. ಪೆಟ್ರೋಲಿಗೆ ಬೆರೆಸುವ ಆಯಿಲ್ ತಯಾರಕರ ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಟೂ-ಟಿ ಆಯಿಲ್, ಅಳೆದು ಹಾಕಬೇಕು.

ಮಳೆಗಾಲದಲ್ಲಿ ಮತ್ತೊಂದು ತೊಡಕು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿಟ್ಟ ಮಿಕ್ಸಿಂಗ್ ಪೆಟ್ರೋಲಿನ ತಳದಲ್ಲಿ ನೀರು ಮತ್ತು ಎಥನಾಲಿನ ಪದರ ಬೇರೆಯಾಗಿ ಕೂರುತ್ತದೆ. ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಟ್ಟರೆ ಗೆರೆ ಕಣ್ಣಿಗೆ ಕಾಣುತ್ತದೆ. ಗೆರೆ ಕಂಡ ಪೆಟ್ರೋಲನ್ನು ಕಲಕಿ ಬಳಸಬಾರದು. ಏರ್ ಫಿಲ್ಟರನ್ನು ಪ್ರತಿ ಟ್ಯಾಂಕಿಗೂ ಝಾಡಿಸಬೇಕು. ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಸತ್ತ ಮೆಷಿನ್ನು ಸರಿಹೋದರೆ ಗಾಳಿಕಂಡಿ ಕಟ್ಟಿದೆ, ಅಷ್ಟೇ. ಸೀಳು ಮುಗಿದ ತಕ್ಷಣ ಆರಿಸದೆ ಒಂದು ನಿಮಿಷ ಸ್ಲೋದಲ್ಲಿ ಬಿಟ್ಟರೆ ಫ್ಯಾನು ಕಾವನ್ನು ಹೊರದೂಡುತ್ತದೆ.

ಮೈಮೇಲಿನ ದೋಷ

ರಕ್ಷಣಾ ಉಡುಪನ್ನು ತೊಟ್ಟರೆ ಮುಗಿಯಿತು ಎಂದುಕೊಳ್ಳುತ್ತೇವೆ. ಮೆಷಿನ್ನಿನಂತೆ ಅದಕ್ಕೂ ದೋಷಗಳಿವೆ, ಅವನ್ನೂ ಪತ್ತೆ ಹಚ್ಚಬೇಕು.

ಬಿಳಿಚಿದ ಬೆರಳು ಕಂಪನದ ಗುರುತು. ಯುರೋಪಿನ ನಿಯಮದಲ್ಲಿ ಎಂಟು ಗಂಟೆಯ ಸರಾಸರಿ ಕಂಪನ 2.5 ಮೀ/ಸೆ² ಮುಟ್ಟಿದರೆ ಕ್ರಮ ಕೈಗೊಳ್ಳಬೇಕು, 5 ಮೀ/ಸೆ² ದಾಟಲೇಬಾರದು. ನಮ್ಮ ಕೈಯಲ್ಲಿ ಅಳೆಯುವ ಸಾಧನವಿಲ್ಲ, ಆದರೆ ಮೊಂಡು ಚೈನನ್ನು ನೂಕುವಾಗ ಹಿಡಿಕೆಯನ್ನು ಬಿಗಿಯಾಗಿ ಹಿಡಿಯುತ್ತೇವೆ, ಬಿಗಿದಷ್ಟೂ ನಡುಕ ಮೂಳೆಗೆ ಇಳಿಯುತ್ತದೆ. ಆ ದಿನ ಜೊತೆಗಾರನ ಬೆರಳು ನೋಡಿದ ಮೇಲೆ ಹಿಡಿಕೆಯನ್ನು ಅಲುಗಿಸಿದೆ. ಎಂಜಿನ್ನಿಗೂ ಹಿಡಿಕೆಗೂ ನಡುವಿನ ಒಂದು ರಬ್ಬರ್ ಬುಷ್ ಹರಿದು, ಲೋಹಕ್ಕೆ ಲೋಹ ತಾಗುತ್ತಿತ್ತು. ಕಂಪನ ತಡೆಯುವ ಕೈಗವಸು ಆ ಬುಷ್ಷಿಗೆ ಬದಲಿಯಲ್ಲ.

ಸಂಜೆಗೆ ತಲೆನೋವು, ವಾಕರಿಕೆ ಬಂದರೆ ಬಿಸಿಲನ್ನು ದೂರುವ ಮೊದಲು ಹೊಗೆಯನ್ನು ನೆನೆಯಬೇಕು. ಮಿಲ್ಲಿನಲ್ಲಿ ಬಗ್ಗಿಯೋ ಮಂಡಿಯೂರಿಯೋ ಕೆಲಸ ಮಾಡುವುದರಿಂದ ಸೈಲೆನ್ಸರ್ ಮುಖದ ಮಟ್ಟಕ್ಕೆ ಬರುತ್ತದೆ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಗಾಳಿ ಬೆನ್ನಿನ ಕಡೆಯಿಂದ ಬೀಸುವಂತೆ ದಿಮ್ಮಿಯ ಯಾವ ತುದಿಯಿಂದ ಆರಂಭಿಸಬೇಕೆಂದು ಮೊದಲೇ ನಿರ್ಧರಿಸಬೇಕು. ಧೂಳಿನ ಮುಖವಾಡ ಈ ಅನಿಲವನ್ನು ತಡೆಯುವುದಿಲ್ಲ. ಅದು ಬೇಕಿರುವುದು ಪುಡಿಗಾಗಿ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಆದ್ದರಿಂದ ಎನ್95 ಮುಖವಾಡ ಅತಿಯಾಯಿತು ಎನ್ನುವಂತಿಲ್ಲ. ಹೆಲ್ಮೆಟ್ಟಿನ ಬಲೆಯ ಪರದೆ ಚಕ್ಕೆಯನ್ನು ತಡೆಯುತ್ತದೆ, ರವೆಯನ್ನು ತಡೆಯದು. ಕಣ್ಣು ಉರಿಯುತ್ತಿದ್ದರೆ ಒಳಗೊಂದು ಮುಚ್ಚುಗನ್ನಡಕ ಬೇಕು. ದೊಡ್ಡ ಚೈನ್‌ಸಾ 110 ಡೆಸಿಬೆಲ್ ಮೀರಿ ಸದ್ದು ಮಾಡುತ್ತದೆ. ಇಯರ್‌ಮಫ್ ಹಾಕಿಯೂ ರಾತ್ರಿ ಕಿವಿ ಗುಂಯ್‌ಗುಟ್ಟಿದರೆ ಅದರ ಮೆತ್ತೆ ಗಟ್ಟಿಯಾಗಿ ಬಿರಿದಿದೆಯೇ, ಕನ್ನಡಕದ ಕಡ್ಡಿ ಅಥವಾ ಒಳಗೆ ಸುತ್ತಿದ ಟವೆಲ್ಲು ಸಂದಿ ಬಿಡಿಸಿದೆಯೇ ಎಂದು ನೋಡಬೇಕು.

ಪ್ಯಾಂಟಿನ ದೋಷ ಮಾತ್ರ ಹೊರಗಿನಿಂದ ಕಾಣುವುದಿಲ್ಲ. ಚೈನ್‌ಸಾ ಪ್ಯಾಂಟು ಚೈನನ್ನು ತನ್ನ ಗಟ್ಟಿತನದಿಂದ ತಡೆಯುವುದಲ್ಲ. ಒಳಪದರಗಳ ಉದ್ದನೆಯ ನೂಲುಗಳು ಸೆಳೆದುಕೊಂಡು ಹೋಗಿ ಚೈನನ್ನು ತಿರುಗಿಸುವ ಹಲ್ಲುಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಸುತ್ತಿ ಅದನ್ನು ನಿಲ್ಲಿಸುತ್ತವೆ. ಐಎಸ್‌ಒ 11393 ಮಾನದಂಡದಲ್ಲಿ ಮೊದಲನೆಯ ದರ್ಜೆಯನ್ನು ಸೆಕೆಂಡಿಗೆ 20 ಮೀಟರ್, ಎರಡನೆಯದನ್ನು 24, ಮೂರನೆಯದನ್ನು 28 ಮೀಟರ್ ವೇಗದ ಚೈನಿನ ಎದುರು ಪರೀಕ್ಷಿಸುತ್ತಾರೆ. ಅದಕ್ಕಿಂತ ವೇಗದಲ್ಲಿ ಓಡುವ ದೊಡ್ಡ ಮೆಷಿನ್ನಿನ ಮುಂದೆ ಅದು ಗಾಯದ ಆಳವನ್ನು ತಗ್ಗಿಸೀತು, ಅದಕ್ಕಿಂತ ಹೆಚ್ಚಿನ ಭರವಸೆ ಇಡಬಾರದು. ಟೈಪ್ ಎ ಪ್ಯಾಂಟು ಕಾಲಿನ ಮುಂಭಾಗವನ್ನು ಮಾತ್ರ ಕಾಯುತ್ತದೆ. ಮಂಡಿಯೂರಿ ಓರೆಯಾಗಿ ನೂಕುವವನ ಮೀನಖಂಡವನ್ನು ಕಾಯಲು ಸುತ್ತಲೂ ಪದರವಿರುವ ಟೈಪ್ ಸಿ ಬೇಕು. ಒಮ್ಮೆ ನಮ್ಮವನೊಬ್ಬ ಉದ್ದವಾಯಿತೆಂದು ಪ್ಯಾಂಟನ್ನು ಊರಿನ ಟೈಲರ್ ಬಳಿ ಒಯ್ದು, ತೊಡೆಯ ಹತ್ತಿರವೂ ಹಿಡಿಸಿಕೊಂಡು ಬಂದಿದ್ದ. ಹೊಲಿಗೆ ಅಚ್ಚುಕಟ್ಟಾಗಿತ್ತು, ಆದರೆ ಎಲ್ಲ ಪದರಗಳನ್ನೂ ಒಟ್ಟಿಗೆ ತೂರಿ ಹಾಕಿದ್ದರಿಂದ ಸಡಿಲವಾಗಿ ಸೆಳೆಯಬೇಕಿದ್ದ ನೂಲುಗಳು ಅಲ್ಲಿಯೇ ಬಂಧಿಯಾಗಿದ್ದವು. ಆ ಪ್ಯಾಂಟನ್ನು ಬೇಲಿ ಕೆಲಸಕ್ಕೆ ಬಿಟ್ಟೆವು. ಚೈನು ಒಮ್ಮೆ ತಾಗಿ ನೂಲು ಹೊರಬಂದ ಪ್ಯಾಂಟಿನ ಗತಿಯೂ ಅದೇ, ತೇಪೆ ಹಾಕಿ ಮತ್ತೆ ತೊಡುವಂತಿಲ್ಲ.

ಹರಿದ ಬುಷ್ಷಿಗೆ ಬದಲಿ ತಂದು ಹಾಕುವವರೆಗೆ ಜೊತೆಗಾರನಿಗೆ ಮೆಷಿನ್ ಕೊಡಲಿಲ್ಲ. ಅವನು ಬೆಣೆ ಹೊಡೆಯುತ್ತ, ಚೈನು ತುಂಡಾದರೆ ಚಾಟಿಯಂತೆ ಬೀಸುವ ನೇರದಿಂದ ಬದಿಗೆ ನಿಂತು ಕೆಲಸ ಮಾಡಿದ. ನಲವತ್ತು ನಿಮಿಷ ಅರ ಉಜ್ಜಿ ಹಲ್ಲುಗಳನ್ನು ಒಂದೇ ಅಳತೆಗೆ ತಂದ ಮೇಲೆ ಕೊಯ್ದ ನಾಲ್ಕನೆಯ ಹಲಗೆಯ ಅಗಲದ ನಡುವೆ ಅಂಚಿನಷ್ಟೇ ದಪ್ಪವಿತ್ತು, ಪುಡಿ ರವೆಯಾಗಿತ್ತು. ಕೊನೆಯ ಒಂದಡಿಯಲ್ಲಿ ಮಾತ್ರ ಒಂದು ಅಂಚಿನ ದಪ್ಪ ಒಂದು ನೂಲಿನಷ್ಟು ಕಡಿಮೆಯಾಗಿತ್ತು. ಚೌಕಟ್ಟಿನ ಹೊರಬದಿಯ ಬೋಲ್ಟಿಗೆ ಸ್ಪಾನರ್ ಹಾಕಿದಾಗ ಅದು ಅರ್ಧ ಸುತ್ತು ತಿರುಗಿತು.